ಗಾರೆಯ ಮರೆಯ ಇಟ್ಟಿಗೆ

ಸಂತೇಬೆನ್ನೂರಿನ ಪುಷ್ಕರಣಿಯ ಚಿತ್ರ ನಮ್ಮ ನಾಡಿನಲ್ಲಿ ಅನೇಕರಿಗೆ ಪರಿಚಿತ. ಸುಮಾರು 250 ಅಡಿ ಉದ್ದ, 240 ಅಡಿ ಅಗಲದ ಹೊಂಡ, ಸುತ್ತಲೂ ಇಳಿದು ಹೋಗುವ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ವಸಂತ ಮಂಟಪ. ದಡದ ಎಂಟು ದಿಕ್ಕಿಗೆ ಎಂಟು ಚಿಕ್ಕ ಮಂಟಪಗಳಿದ್ದವು. ಈಗ ಆರು ಉಳಿದಿವೆ. ಪಕ್ಕದಲ್ಲೇ ಉದ್ದಕ್ಕೆ ಚಾಚಿಕೊಂಡಿರುವ ಮುಸಾಫಿರ್‌ಖಾನಾ. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದೆಂದು ಹೆಸರಾದ ಈ ಕೊಳವನ್ನು ಊರಿನವರು ಹೊಂಡ ಎಂದೇ ಕರೆಯುತ್ತಾರೆ. ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಿಸುವ ಸ್ಮಾರಕಗಳ ಪಟ್ಟಿಯಲ್ಲೂ ಅದರ ಹೆಸರು ಮುಸಾಫಿರ್‌ಖಾನಾ ಮತ್ತು ಹೊಂಡ. ಇದನ್ನು ಬಣ್ಣಿಸುವ ಬರಹಗಳಲ್ಲಿ ಕಲ್ಲಿನ ಮಾತು ಧಾರಾಳವಾಗಿ ಬರುತ್ತದೆ: ಕಲ್ಲಿನ ಮೆಟ್ಟಿಲು, ಕಲ್ಲಿನ ಕಂಬ, ಕಲ್ಲಿನ ಕಟ್ಟಡ. ಆದರೆ ಆ ಮಂಟಪಗಳನ್ನು ದೂರದಿಂದಲೇ ಗುರುತಿಸುವಂತೆ ಮಾಡಿರುವುದು ಅವುಗಳ ಮೇಲ್ಭಾಗ. ಆ ಮೇಲ್ಭಾಗ ಕಲ್ಲಿನದಲ್ಲ, ಇಟ್ಟಿಗೆ ಮತ್ತು ಗಾರೆಯದು. ಕೆಳಗೆ ಭಾರ ಹೊರುವ ಕೆಲಸ ಕಲ್ಲಿನದಾದರೆ, ಮೇಲೆ ಕಮಾನು, ಬಾಗಿದ ಸೂರು, ಅಂತಸ್ತು, ಕಳಶದ ರೂಪ ಎಲ್ಲವನ್ನೂ ತಂದುಕೊಟ್ಟದ್ದು ಇಟ್ಟಿಗೆ. ನಾವು ಮೆಚ್ಚಿಕೊಂಡು ನೋಡುವುದು ಇಟ್ಟಿಗೆಯ ಕೆಲಸವನ್ನು, ಹೊಗಳುವುದು ಕಲ್ಲನ್ನು.

ಇದು ಬರೀ ಮಾತಿನ ತಪ್ಪಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಪರಂಪರೆ ಎಂದೊಡನೆ ಕರ್ನಾಟಕದಲ್ಲಿ ಬಾದಾಮಿಯ ಬಂಡೆ, ಬೇಲೂರಿನ ಬಳಪದ ಕಲ್ಲು, ಹಂಪಿಯ ಕಣಶಿಲೆ ಕಣ್ಣ ಮುಂದೆ ನಿಲ್ಲುತ್ತವೆ. ಕಲ್ಲಾದರೆ ಸ್ಮಾರಕ, ಇಟ್ಟಿಗೆಯಾದರೆ ಹಳೇ ಕಟ್ಟಡ ಎಂಬ ಲೆಕ್ಕ ನಮ್ಮ ಕಾನೂನಿನಲ್ಲಿ ಇಲ್ಲದಿದ್ದರೂ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದರ ಫಲವಾಗಿ ಕಲ್ಲು ಬಿದ್ದರೆ ಎತ್ತಿ ನಿಲ್ಲಿಸುತ್ತೇವೆ, ಇಟ್ಟಿಗೆ ಉದುರಿದರೆ ಗುಡಿಸಿ ಹಾಕುತ್ತೇವೆ. ಇಲ್ಲವೇ ಅದರ ಮೇಲೆ ಸಿಮೆಂಟು ಮೆತ್ತಿ ಕೆಲಸ ಮುಗಿಯಿತೆನ್ನುತ್ತೇವೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಎದ್ದ ಕಟ್ಟಡಗಳನ್ನು, ಹೊಂಡದ ಮಂಟಪದಿಂದ ಹಿಡಿದು ಊರಿನ ಹಳೆಯ ಶಾಲೆಯವರೆಗೆ, ನಾವು ಅವುಗಳ ವಸ್ತುವಿನ ಮೂಲಕವೇ ಓದಿ, ಅದೇ ವಸ್ತುವಿನಿಂದಲೇ ರಿಪೇರಿ ಮಾಡಿ ಉಳಿಸಿಕೊಳ್ಳಬೇಕು ಎಂಬುದು ನನ್ನ ವಾದ. ಈಗಿನಂತೆ ಬಿಟ್ಟರೆ ಕಲ್ಲಿನ ಅಡಿಪಾಯಗಳು ಉಳಿದಾವು, ಅವುಗಳ ಮೇಲೆ ಏನಿತ್ತು ಎಂಬುದು ಹಳೆಯ ಫೋಟೊಗಳಲ್ಲಿ ಮಾತ್ರ ಉಳಿದೀತು.

ಇಟ್ಟಿಗೆ ನಮಗೆ ಹೊರಗಿನಿಂದ ಬಂದದ್ದಲ್ಲ. ಬನವಾಸಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಇಟ್ಟಿಗೆಯ ಕಟ್ಟಡಗಳ ತಳಪಾಯ ಸಿಕ್ಕಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರದಲ್ಲಿ ಕಲ್ಲು ಇರುವುದು ಬುಡದಲ್ಲಿ ಮಾತ್ರ. ಆಕಾಶಕ್ಕೆ ಏರಿದ ಅಂತಸ್ತುಗಳೆಲ್ಲ ಇಟ್ಟಿಗೆ ಮತ್ತು ಗಾರೆ. ಅದೇ ಹಂಪಿಯಲ್ಲಿ ವಿಠ್ಠಲ ದೇವಾಲಯದ ಗೋಪುರದ ಇಟ್ಟಿಗೆ ಸವೆದು ಕರಗಿರುವುದನ್ನು ನೋಡಿದರೆ ಗಾರೆಯ ಹೊದಿಕೆ ಹೋದ ಮೇಲೆ ಏನಾಗುತ್ತದೆಂಬುದು ತಿಳಿಯುತ್ತದೆ. ವಿಜಯಪುರದ ಗೋಳಗುಮ್ಮಟ ಇನ್ನೂ ದೊಡ್ಡ ಸಾಕ್ಷಿ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟ ಕಲ್ಲಿನ ಗೋಡೆಗಳ ಮೇಲೆ ನಿಂತಿದೆ, ಆದರೆ ಗುಮ್ಮಟ ಮಾತ್ರ ಇಟ್ಟಿಗೆಯದು. ಇಟ್ಟಿಗೆಗಳನ್ನು ಮಟ್ಟಸ ಸಾಲುಗಳಲ್ಲಿ ಇಟ್ಟು ನಡುವೆ ದಪ್ಪ ಗಾರೆ ತುಂಬಿದ್ದರಿಂದ ಇಡೀ ಗುಮ್ಮಟ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಗಟ್ಟಿಯಾಯಿತು. ನಮ್ಮ ಇಟ್ಟಿಗೆ ಕಟ್ಟಡದ ಗುಟ್ಟು ಇಲ್ಲಿದೆ. ಇಲ್ಲಿ ಗಾರೆ ಎರಡು ಇಟ್ಟಿಗೆಗಳನ್ನು ಅಂಟಿಸುವ ಅಂಟು ಮಾತ್ರವಲ್ಲ, ಕಟ್ಟಡದ ಅರ್ಧ ಶರೀರವೇ ಅದು. ತೆಳು ಇಟ್ಟಿಗೆ, ದಪ್ಪ ಗಾರೆ, ಮೇಲೆ ನುಣುಪಾದ ಗಚ್ಚಿನ ಹೊದಿಕೆ, ಆ ಹೊದಿಕೆಯಲ್ಲೇ ಕಡೆದು ತಿದ್ದಿದ ಬಳ್ಳಿ, ಹೂವು, ಯಾಳಿ. ಎಲ್ಲ ಮುಗಿದ ಮೇಲೆ ಇಟ್ಟಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಅದು ಕಂಡಿತೆಂದರೆ ಹೊದಿಕೆ ಉದುರಿದೆ ಎಂದರ್ಥ. ಆದ್ದರಿಂದಲೇ ಬರಿಯ ಇಟ್ಟಿಗೆ ಕಂಡೊಡನೆ ನಮಗೆ ಪಾಳುಬಿದ್ದ ಕಟ್ಟಡ ಎನ್ನಿಸುತ್ತದೆ. ಚರ್ಮ ಸುಲಿದ ಗಾಯವನ್ನು ನೋಡಿ ಮನುಷ್ಯನೇ ಹೀಗಿದ್ದ ಎಂದುಕೊಂಡ ಹಾಗೆ ಇದು.

ಗೋಳಗುಮ್ಮಟದ ಹೆಸರನ್ನು ಸಂತೇಬೆನ್ನೂರಿನ ಮಾತಿನ ನಡುವೆ ತಂದದ್ದಕ್ಕೆ ಕಾರಣವಿದೆ. ಆ ಗುಮ್ಮಟದ ಕೆಳಗೆ ಮಲಗಿರುವ ಮುಹಮ್ಮದ್ ಆದಿಲ್ ಶಾ 1627ರಿಂದ 1656ರವರೆಗೆ ಆಳಿದವನು. ಅವನ ಸೇನಾಪತಿ ರಣದುಲ್ಲಾ ಖಾನ್ 1630ರ ದಶಕದ ಕೊನೆಯಲ್ಲಿ ಇಕ್ಕೇರಿ, ಬೆಂಗಳೂರುಗಳ ಮೇಲೆ ದಂಡೆತ್ತಿ ಬಂದ. ಆ ದಂಡಯಾತ್ರೆಗಳ ಕಾಲದಲ್ಲೇ ಸಂತೇಬೆನ್ನೂರು ವಿಜಯಪುರದ ಕೈಸೇರಿತು. ಅದೇ ಸೈನ್ಯದೊಡನೆ ಕರ್ನಾಟಕಕ್ಕೆ ಬಂದ ಶಹಾಜಿ ಭೋಸಲೆ 1664ರಲ್ಲಿ ಸಂತೇಬೆನ್ನೂರು ಇರುವ ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡ, ಅವನ ಸಮಾಧಿ ಅಲ್ಲಿದೆ. ಹೀಗೆ ವಿಜಯನಗರದ ಉತ್ತರಾಧಿಕಾರಿಗಳಾದ ಪಾಳೇಗಾರರು, ವಿಜಯಪುರದ ಸರದಾರರು, ಮರಾಠರು ಎಲ್ಲರೂ ಒಂದೇ ಸೀಮೆಯಲ್ಲಿ ಓಡಾಡಿದ ಕಾಲ ಅದು. ಅವರು ಪರಸ್ಪರ ಹೋರಾಡಿದರು. ಆದರೆ ಅವರ ಕಟ್ಟಡ ಕಟ್ಟಿದವರ ಕೈಚಳಕ ಮಾತ್ರ ಎಲ್ಲ ಕಡೆ ಒಂದೇ ಆಗಿತ್ತು. ವೈಷ್ಣವ ಪಾಳೇಗಾರನೊಬ್ಬನ ಹೊಂಡದ ನಡುವಿನ ಮಂಟಪದಲ್ಲಿ ಕಮಾನುಗಳಿವೆ, ಅವುಗಳ ಮೇಲೆ ದೇವಾಲಯದ ಶಿಖರದಂತೆ ಕಿರಿದಾಗುತ್ತ ಹೋಗುವ ಅಂತಸ್ತುಗಳಿವೆ. ಹಂಪಿಯ ಕಮಲ ಮಹಲಿನಲ್ಲಿ ಮೊದಲೇ ಪಳಗಿದ ವಿದ್ಯೆ ಅದು. ಕಮಾನು ಮುಸ್ಲಿಮರದು, ಶಿಖರ ಹಿಂದೂಗಳದು ಎಂದು ಬೇರ್ಪಡಿಸಲು ಹೊರಟರೆ ಈ ಮಂಟಪ ಅರ್ಥವಾಗುವುದೇ ಇಲ್ಲ. ಸುಣ್ಣ ಅರೆದು, ಇಟ್ಟಿಗೆ ಜೋಡಿಸಿ, ಹಸಿ ಗಾರೆಯಲ್ಲಿ ರೂಪ ತೆಗೆಯುವ ಕುಶಲಿಗೆ ಇಬ್ಬರೂ ಧಣಿಗಳೇ. ಕಟ್ಟಡವನ್ನು ವಸ್ತುವಿನ ಮೂಲಕ ಓದಬೇಕು ಎಂದದ್ದರ ಮೊದಲ ಪ್ರಯೋಜನ ಇದು. ಅರಮನೆಯ ಇತಿಹಾಸ ಕದನಗಳನ್ನು ಹೇಳಿದರೆ ಗಾರೆಯ ಇತಿಹಾಸ ಕೆಲಸಗಾರರನ್ನು ಕಾಣಿಸುತ್ತದೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಟ್ಟಿಗೆಗೆ ಸಿಕ್ಕಿರುವ ಸ್ಥಾನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಚರ್ಚಿನ ಪಕ್ಕ ಪಾದ್ರಿಗೆಂದು ಕಟ್ಟಿಸಿದ ಮನೆಗೆ ವಿಕರೇಜ್ ಎನ್ನುತ್ತಾರೆ. ಎಷ್ಟೋ ಊರುಗಳಲ್ಲಿ ಅದು ಕೆಂಪು ಇಟ್ಟಿಗೆಯ, ಎತ್ತರದ ಹೊಗೆಗೂಡಿನ, ಎರಡಂತಸ್ತಿನ ಮನೆ. ಅರಮನೆಯೂ ಅಲ್ಲ, ದೇವಾಲಯವೂ ಅಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಮನೆಗಳನ್ನು ನಡೆಸುವುದು ಪಾದ್ರಿಗಳಿಗೂ ಚರ್ಚಿಗೂ ಭಾರವಾಗಿ ಅಂಥ ಸಾವಿರಾರು ಮನೆಗಳನ್ನು ಮಾರಿದರು. ಪಾದ್ರಿ ಹೋದರೂ ಮನೆ ಉಳಿಯಿತು, ಹಳೇ ವಿಕರೇಜ್ ಎಂಬ ಹೆಸರೂ ಉಳಿಯಿತು. ಕೇಂಬ್ರಿಜ್ ಸಮೀಪದ ಗ್ರಾಂಚೆಸ್ಟರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿನ ಅಂಥ ಇಟ್ಟಿಗೆ ಮನೆಯೊಂದಿದೆ. ಕವಿ ರೂಪರ್ಟ್ ಬ್ರೂಕ್ ಅಲ್ಲಿ ಬಾಡಿಗೆಗಿದ್ದು, 1912ರಲ್ಲಿ ಬರ್ಲಿನ್ನಿನಲ್ಲಿ ಕೂತು ಅದನ್ನು ನೆನೆದು ಕವಿತೆ ಬರೆದ ಮೇಲೆ ಅದು ಜಗತ್ತಿಗೆ ಪರಿಚಿತವಾಯಿತು. ಆದರೆ ಕವಿತೆ ಬರೆಸಿಕೊಳ್ಳದ ಮನೆಗಳಿಗೂ ಅಲ್ಲಿ ರಕ್ಷಣೆಯಿದೆ. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ನಂತರ ಬೆಳೆದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇಂದು ಇಂಗ್ಲೆಂಡೊಂದರಲ್ಲೇ ಮೂರೂವರೆ ಲಕ್ಷಕ್ಕೂ ಮೀರಿದ ನಮೂದುಗಳಿವೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಎರಡನೇ ದರ್ಜೆಯವು, ಅಂದರೆ ಸಾಮಾನ್ಯ ಮನೆ, ಕಣಜ, ಸೇತುವೆ, ಶಾಲೆ. ಆ ನಮೂದುಗಳಲ್ಲಿ ಇಟ್ಟಿಗೆಯ ಬಣ್ಣ ಯಾವುದು, ಯಾವ ಬಾಂಡಿನಲ್ಲಿ, ಅಂದರೆ ಯಾವ ಕ್ರಮದಲ್ಲಿ ಜೋಡಿಸಿದ್ದಾರೆ, ಕಿಟಕಿಯ ಮೇಲಿನ ಕಮಾನು ಎಂಥದ್ದು ಎಂಬುದನ್ನೆಲ್ಲ ಬರೆದಿಡುತ್ತಾರೆ. ಅಲ್ಲಿ ಇಟ್ಟಿಗೆಗೆ ಹೊದಿಕೆ ಹಾಕದೆ ಮುಖ ಕಾಣುವಂತೆ ಬಿಟ್ಟಿದ್ದರಿಂದ ಅದನ್ನು ನೋಡುವ ಕಣ್ಣು ಮೊದಲಿನಿಂದಲೂ ಬೆಳೆಯಿತು. ನಮ್ಮ ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿಗಳೂ ಇಂಗ್ಲಿಷ್ ಬಾಂಡ್, ಫ್ಲೆಮಿಶ್ ಬಾಂಡ್ ಎಂದು ಚಿತ್ರ ಬರೆದು ಅಂಕ ಪಡೆಯುತ್ತಾರೆ. ತಮ್ಮ ಊರಿನ ಮಂಟಪದ ಇಟ್ಟಿಗೆಯ ಅಳತೆ ಎಷ್ಟು, ಸಾಲಿನ ನಡುವಿನ ಗಾರೆ ಎಷ್ಟು ದಪ್ಪ ಎಂದು ಅವರಿಂದ ಯಾರೂ ಅಳೆಸುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ವಿಕರೇಜಿಗೆ ಹೋಲುವ ಮನೆಗಳು ನಮ್ಮಲ್ಲೂ ಇದ್ದವು, ಇನ್ನೂ ಕೆಲವು ಇವೆ. ಮಿಷನ್ನಿನ ಪಾದ್ರಿ ಬಂಗಲೆಗಳು, ಮೈಸೂರು ಸಂಸ್ಥಾನದ ಕಾಲದ ಮುಸಾಫಿರ್ ಬಂಗಲೆಗಳು, ಕಚೇರಿಗಳು, ಮಾಧ್ಯಮಿಕ ಶಾಲೆಗಳು, ಅಡಿಕೆ ಮತ್ತು ಹತ್ತಿಯ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರ ಅಂಕಣದ ಮನೆಗಳು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು ಎಂಬ ಜೋಡಿ ಘಟ್ಟ ಹತ್ತಿ ಬಯಲುಸೀಮೆಯ ಅಂಚಿನವರೆಗೂ ಬಂತು. ಮಳೆ ಕಡಿಮೆಯಿರುವ ಕಡೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿದ ಮದ್ರಾಸ್ ತಾರಸಿ ಬಂತು. ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ದಶಕಗಳೇ ಕಳೆದಿವೆ. ಛಾವಣಿಯಿಲ್ಲ, ಕಾವಲಿಲ್ಲ, ಮಳೆಗಾಲ ಬಂದರೆ ಕಮಾನಿನವರೆಗೆ ನೀರು. ವರ್ಷವರ್ಷವೂ ಸವೆಯುತ್ತಿದ್ದರೂ ಅದರ ಇಟ್ಟಿಗೆ ಗೋಡೆಗಳು ಇಷ್ಟು ಕಾಲ ನಿಂತದ್ದೇ ಸುಣ್ಣದ ಗಾರೆ ಎಂಥದ್ದು ಎಂಬುದಕ್ಕೆ ಪುರಾವೆ. ಅದನ್ನು ನೋಡಲು ನೂರಾರು ಜನ ಹೋಗುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಅದೇ ಕಾಲದ, ಅದೇ ವಸ್ತುವಿನ ತಮ್ಮೂರಿನ ಶಾಲೆಯನ್ನು ಜೆಸಿಬಿ ಕೆಡವಿದಾಗ ಅದೊಂದು ಸುದ್ದಿಯೂ ಆಗುವುದಿಲ್ಲ.

ಈಗ ವಸ್ತುವಿನ ಸಂಗತಿಗೇ ಬರೋಣ, ಏಕೆಂದರೆ ವಾದದ ಬೇರು ಅಲ್ಲಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ದಿನಗಟ್ಟಲೆ ನೆನೆಸಿಟ್ಟು, ಮರಳು ಅಥವಾ ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ, ಎತ್ತು ಎಳೆಯುವ ಕಲ್ಲಿನ ಗಾಣದಲ್ಲಿ ಅರೆದು, ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಗಾರೆ ಮಾಡುತ್ತಿದ್ದರು. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಾದ ಗಾರೆ ಇಟ್ಟಿಗೆಗಿಂತ ಮೆದು, ಇಟ್ಟಿಗೆಯಂತೆಯೇ ಉಸಿರಾಡುತ್ತದೆ. ಮಳೆಯಲ್ಲಿ ಹೀರಿಕೊಂಡ ನೀರನ್ನು ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ, ಸಣ್ಣ ಬಿರುಕು ಬಂದರೆ ಕರಗಿದ ಸುಣ್ಣವೇ ಹರಿದು ಬಂದು ಮುಚ್ಚುತ್ತದೆ, ಸವೆಯಬೇಕಾದರೆ ತಾನು ಸವೆದು ಇಟ್ಟಿಗೆಯನ್ನು ಕಾಯುತ್ತದೆ. ಸಿಮೆಂಟು ಹಾಗಲ್ಲ. ಅದು ಬೇಗ ಗಟ್ಟಿಯಾಗುತ್ತದೆ, ಹಳೆಯ ಇಟ್ಟಿಗೆಗಿಂತ ಎಷ್ಟೋ ಪಾಲು ಗಟ್ಟಿಯಾಗುತ್ತದೆ, ನೀರನ್ನು ಹೊರಗೆ ಬಿಡುವುದಿಲ್ಲ. ಮೇಲಿನ ಬಿರುಕಿನಿಂದಲೋ ನೆಲದಿಂದಲೋ ಒಳಹೊಕ್ಕ ನೀರಿಗೆ ಹೊರದಾರಿಯಿಲ್ಲದೆ ಅದು ಇಟ್ಟಿಗೆಯೊಳಗೇ ಉಳಿಯುತ್ತದೆ. ನೀರಿನಲ್ಲಿದ್ದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಒಳಗಿನಿಂದ ಒಡೆಯುತ್ತದೆ. ಕೆಲವೇ ವರ್ಷಗಳಲ್ಲಿ ಸಿಮೆಂಟಿನ ಚಿಪ್ಪು ಕಳಚಿ ಬೀಳುತ್ತದೆ, ಜೊತೆಗೆ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ರಿಪೇರಿ ಎಂದು ಮಾಡಿದ್ದು ಹೀಗೆ ನಾಶಕ್ಕೇ ದಾರಿಯಾಗುತ್ತದೆ. ಇಂಗ್ಲೆಂಡಿನವರು ಈ ತಪ್ಪನ್ನು ನಮಗಿಂತ ಮೊದಲೇ ಮಾಡಿ ಕಲಿತರು. ಇಪ್ಪತ್ತನೆಯ ಶತಮಾನದಲ್ಲಿ ಇಟ್ಟಿಗೆ ಮನೆಗಳ ಸಂದುಗಳಿಗೆ ಸಿಮೆಂಟು ತುಂಬಿದರು, ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಇಟ್ಟಿಗೆ ಸಿಡಿಯಿತು, 1970ರ ದಶಕದಿಂದೀಚೆಗೆ ಮತ್ತೆ ಸುಣ್ಣದ ಕಡೆಗೆ ತಿರುಗಿದರು. ವಿಲಿಯಂ ಮಾರಿಸ್ ಮತ್ತು ಫಿಲಿಪ್ ವೆಬ್ 1877ರಲ್ಲಿ ಕಟ್ಟಿದ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಸುಣ್ಣದ ಕೆಲಸವನ್ನು ಮನೆಯ ಮಾಲೀಕರಿಗೇ ಕಲಿಸುತ್ತದೆ.

ಸುಣ್ಣ ಮೆದುವೆಂದ ಮೇಲೆ ಅದು ದುರ್ಬಲವಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಕರ್ನಾಟಕದವರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕೂ ಮೊದಲು ಗೋಪುರ, ಗುಮ್ಮಟ, ಕೆರೆಯ ತೂಬು ಎಲ್ಲವೂ ಸುಣ್ಣದ ಮೇಲೆಯೇ ನಿಂತವು. ಕಾವೇರಿಯ ನೀರನ್ನು ತಡೆದು ನಿಲ್ಲಿಸಿದ ಗಾರೆ ಹೊಂಡದ ಮಂಟಪದ ಕಮಾನನ್ನು ಹೊರಲಾರದೆಂದು ಹೇಳಲು ಆಧಾರವಿಲ್ಲ. ಹಾಗೆಂದು ಎಲ್ಲ ಹೊಸ ಕಟ್ಟಡಗಳನ್ನೂ ಸುಣ್ಣದಲ್ಲೇ ಕಟ್ಟಬೇಕೆಂಬ ಹಟ ನನಗಿಲ್ಲ. ನಾಲ್ಕಂತಸ್ತಿನ ಆಸ್ಪತ್ರೆಗೆ ಕಾಂಕ್ರೀಟು ಬೇಕೇ ಬೇಕು. ಸುಣ್ಣದಲ್ಲಿ ಕಟ್ಟಿದ್ದನ್ನು ಸುಣ್ಣದಲ್ಲೇ ರಿಪೇರಿ ಮಾಡಿ ಎಂಬಷ್ಟೇ ಬೇಡಿಕೆ.

ಖರ್ಚಿನ ಮಾತನ್ನು ಮುಖಕ್ಕೆ ಮುಖ ಕೊಟ್ಟೇ ಎದುರಿಸಬೇಕು. ಸುಣ್ಣದ ಕೆಲಸಕ್ಕೆ ಹೆಚ್ಚು ದಿನ, ಹೆಚ್ಚು ಕೂಲಿ, ಹೆಚ್ಚು ತಾಳ್ಮೆ ಬೇಕು. ಟೆಂಡರಿನ ಅವಧಿ ಮಾರ್ಚಿ ಕೊನೆಗೆ ಮುಗಿಯುವ ನಮ್ಮ ವ್ಯವಸ್ಥೆಗೆ ಅದು ಹೊಂದುವುದಿಲ್ಲ. ಗಾರೆ ಅರೆಯುವ ಗಾಣಗಳು ಮಾಯವಾಗಿವೆ, ಅರೆಯಲು ಬಲ್ಲವರು ವಿರಳ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ ನುಡಿಯುತ್ತಿದೆ: ಈಗ ಗಾರೆ ಕೆಲಸ ಎಂದರೆ ಸಿಮೆಂಟಿನ ಕೆಲಸ, ಗಾರೆಯವರು ಎಂದರೆ ಕರಣೆಯಲ್ಲಿ ಸಿಮೆಂಟು ಎಸೆಯುವವರು. ಹೆಸರು ಉಳಿದು ಪದಾರ್ಥ ಬದಲಾಗಿದೆ. ಆದರೆ ಇದನ್ನೇ ಇನ್ನೊಂದು ಬದಿಯಿಂದ ನೋಡಬಹುದು. ಸಿಮೆಂಟಿನ ಕೆಲಸದಲ್ಲಿ ದುಡ್ಡಿನ ದೊಡ್ಡ ಪಾಲು ಚೀಲಕ್ಕೆ ಹೋಗುತ್ತದೆ, ಊರಿಂದ ಆಚೆ ಹೋಗುತ್ತದೆ. ಸುಣ್ಣದ ಕೆಲಸದಲ್ಲಿ ಅದು ಕೂಲಿಗೆ ಹೋಗುತ್ತದೆ, ಊರಿನಲ್ಲೇ ಉಳಿಯುತ್ತದೆ. ಕೈಯಲ್ಲಿ ಕರಣೆ ಹಿಡಿದು ಪಳಗಿದವರಿಗೆ ಗಚ್ಚಿನ ಕೆಲಸ ಕಲಿಯುವುದು ವರ್ಷಗಟ್ಟಲೆ ಹಿಡಿಯುವ ವಿದ್ಯೆಯೇನಲ್ಲ. ಕಲಿಸುವವರು ಬೇಕು, ಕಲಿತ ಮೇಲೆ ಕೆಲಸ ಸಿಗಬೇಕು. ಖರ್ಚನ್ನು ಒಂದು ವರ್ಷಕ್ಕಲ್ಲ, ಇಪ್ಪತ್ತು ವರ್ಷಕ್ಕೆ ಹರಡಿ ಲೆಕ್ಕ ಹಾಕಿದರೆ ಪದೇಪದೇ ಉದುರುವ ಸಿಮೆಂಟಿನ ಚಿಪ್ಪು ಅಗ್ಗವಲ್ಲ. ಮನೆ ಕೆಡವುವವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿಯಿದೆ. ಸುಣ್ಣದಲ್ಲಿ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ, ಮತ್ತೆ ಬಳಸಬಹುದು. ಸಿಮೆಂಟಿನ ಗೋಡೆ ಒಡೆದರೆ ಸಿಗುವುದು ಚೂರು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಸಿಮೆಂಟಿನದು ಎಂಬ ಲೆಕ್ಕವಿದೆ. ಸುಣ್ಣ ಸುಡುವಾಗಲೂ ಹೊಗೆ ಏಳುತ್ತದೆ, ಆ ಮಾತನ್ನು ಮರೆಮಾಚಬಾರದು. ಆದರೆ ಸುಣ್ಣ ಗಟ್ಟಿಯಾಗುವಾಗ ಆ ಹೊಗೆಯ ಒಂದು ಭಾಗವನ್ನಾದರೂ ಗಾಳಿಯಿಂದ ಮರಳಿ ಪಡೆಯುತ್ತದೆ.

ಇನ್ನೊಂದು ಆಕ್ಷೇಪ ನಮ್ಮ ಸಂಪ್ರದಾಯದೊಳಗಿಂದಲೇ ಬರುತ್ತದೆ, ಹಾಗಾಗಿ ಹೆಚ್ಚು ತೂಕದ್ದು. ಇಟ್ಟಿಗೆ ಮತ್ತು ಗಾರೆಯ ಗೋಪುರಗಳನ್ನು ನಮ್ಮ ಹಿರಿಯರು ಎಂದೂ ಶಾಶ್ವತವೆಂದು ತಿಳಿದಿರಲಿಲ್ಲ. ತಲೆಮಾರಿಗೊಮ್ಮೆ ಜೀರ್ಣೋದ್ಧಾರ ಮಾಡುತ್ತಲೇ ಬಂದರು. ಹೊಸದು ಮಾಡುವುದೇ ನಮ್ಮ ಪದ್ಧತಿ, ಹಳತನ್ನು ಹಾಗೇ ಹಿಡಿದಿಡುವುದು ಪಶ್ಚಿಮದ ಗೀಳು ಎನ್ನುತ್ತಾರೆ. ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿರೂಪಾಕ್ಷನ ಗೋಪುರ ಇಂದಿಗೂ ನಿಂತಿರುವುದು ಹತ್ತೊಂಬತ್ತನೆಯ ಶತಮಾನದ ರಿಪೇರಿಯೂ ಸೇರಿದಂತೆ ಅನೇಕ ಕೈಗಳ ಆರೈಕೆಯಿಂದ. ಆದರೆ ಜೀರ್ಣೋದ್ಧಾರ ಎಂದರೆ ಜೀರ್ಣವಾದುದನ್ನು ಎತ್ತುವುದು, ಇದ್ದುದನ್ನು ಕಿತ್ತು ಬೇರೊಂದನ್ನು ತಂದು ಕೂರಿಸುವುದಲ್ಲ. ಹಿಂದಿನವರು ಹೊಸ ಗಾರೆ ಹಚ್ಚಿದಾಗ ಅದು ಹಳೆಯ ಗಾರೆಯ ಜಾತಿಯದೇ ಆಗಿತ್ತು, ಕೈಯೂ ಅದೇ ಪರಂಪರೆಯದು. ಇಂದು ಎಷ್ಟೋ ಊರುಗಳಲ್ಲಿ ನಡೆಯುತ್ತಿರುವುದು ಹಳೆಯ ಗುಡಿಯನ್ನು ಕೆಡವಿ ಕಾಂಕ್ರೀಟಿನ ಗೋಪುರ ಎಬ್ಬಿಸಿ ಎನಾಮಲ್ ಬಣ್ಣ ಬಳಿಯುವ ಕೆಲಸ. ಭಕ್ತಿಯಲ್ಲಿ ಕೊರತೆಯಿಲ್ಲ, ತಿಳಿಸಿ ಹೇಳುವವರ ಕೊರತೆಯಿದೆ. ಬೇರೆ ದಾರಿಯೂ ಇದೆ ಎಂಬುದನ್ನು 1991ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ತೋರಿಸಿಕೊಟ್ಟಿದೆ. ಸರ್ಕಾರ, ಟ್ರಸ್ಟ್, ಊರಿನವರು ಮೂವರೂ ಹಣ ಹಾಕಿ, ಪುರಾತತ್ವ ಇಲಾಖೆಯ ಮಾರ್ಗದರ್ಶನದಲ್ಲಿ ಬಿಚ್ಚಿ ಮತ್ತೆ ಕಟ್ಟುವ ಆ ಕ್ರಮದಿಂದ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಹಳೆಯ ದೇವಾಲಯಗಳು ಉಳಿದಿವೆ. ಕಲ್ಲಿನ ಗುಡಿಗೆ ಸಾಧ್ಯವಾದ ಈ ಮೂರು ಪಾಲಿನ ಏರ್ಪಾಡು ಇಟ್ಟಿಗೆಯ ಶಾಲೆಗೆ, ಬಂಗಲೆಗೆ, ಮಂಟಪಕ್ಕೆ ಯಾಕೆ ಸಾಧ್ಯವಾಗಬಾರದು?

ಸ್ಮಾರಕದ ಪಕ್ಕದಲ್ಲಿ ಬದುಕುವವರ ಸಿಟ್ಟನ್ನೂ ಕೇಳಿಸಿಕೊಳ್ಳಬೇಕು. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಊರಿನ ನಡುವೆಯೇ ಇರುವ ಹೊಂಡದ ಸುತ್ತ ಈ ನಿಯಮ ಎಷ್ಟು ಮನೆಗಳ ಮೇಲೆ ಬೀಳುತ್ತದೆಂದು ಊಹಿಸಿದರೆ, ಪರಂಪರೆ ಎಂಬ ಮಾತು ಕೇಳಿದೊಡನೆ ಜನ ಬಾಗಿಲು ಹಾಕಿಕೊಳ್ಳುವುದು ಯಾಕೆಂದು ಅರ್ಥವಾಗುತ್ತದೆ. ಹಾಗಾಗಿ ಸಾಮಾನ್ಯ ಇಟ್ಟಿಗೆ ಮನೆಗಳ ಮೇಲೆ ಇನ್ನೊಂದು ನಿಷೇಧದ ಕಾಯ್ದೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲೆಂಡಿನ ಪಟ್ಟಿಯಿಂದಲೂ ಮಾಲೀಕರಿಗೆ ಹೊರೆಯಾಗುತ್ತದೆ, ಕಿಟಕಿ ಬದಲಿಸಲೂ ಒಪ್ಪಿಗೆ ಬೇಕು. ಅಲ್ಲಿಂದ ಕಲಿಯಬೇಕಾದದ್ದು ಬೇರೆ: ಹಳೆಯ ವಿಕರೇಜುಗಳು ಉಳಿದದ್ದು ಬೀಗ ಹಾಕಿದ್ದರಿಂದಲ್ಲ, ಒಳಗೆ ಜನ ಅಡುಗೆ ಮಾಡಿ ಮಲಗಿ ಏಳುತ್ತಿದ್ದರಿಂದ. ದಿನವೂ ಬಾಗಿಲು ತೆರೆಯುವ ಮನೆಯ ಮಾಡು ಸೋರಿದರೆ ಮರುದಿನವೇ ಯಾರೋ ಹತ್ತಿ ನೋಡುತ್ತಾರೆ. ಬೀಗ ಬಿದ್ದ ಕಟ್ಟಡದ ಸಂದಿನಲ್ಲಿ ಅರಳಿಯ ಸಸಿ ಬೇರೂರಿದ್ದು ಗೋಡೆ ಸೀಳಿದ ಮೇಲೇ ತಿಳಿಯುತ್ತದೆ. ಹಳೆಯ ಶಾಲೆಯ ಕಟ್ಟಡ ಗ್ರಂಥಾಲಯವಾಗಲಿ, ಮುಸಾಫಿರ್ ಬಂಗಲೆ ಸಂಘದ ಕಚೇರಿಯಾಗಲಿ, ಬಳಕೆಯಲ್ಲಿರಲಿ.

ಪಾದ್ರಿ ಬಂಗಲೆ ಪರಕೀಯರದು, ಅದನ್ನು ಯಾಕೆ ಉಳಿಸಬೇಕು ಎನ್ನುವವರಿಗೆ ಉತ್ತರ ಚಿಕ್ಕದು. ಯಜಮಾನ ಯಾರೇ ಆಗಿರಲಿ, ಇಟ್ಟಿಗೆ ಕೊಯ್ದವರು, ಸುಟ್ಟವರು, ಹೊತ್ತವರು, ಕಟ್ಟಿದವರು ಇಲ್ಲಿಯವರು. ಮುಸಾಫಿರ್‌ಖಾನಾದ ಪ್ರಶ್ನೆ ಮಾತ್ರ ಇಷ್ಟು ಹಗುರವಲ್ಲ. ಸಂತೇಬೆನ್ನೂರಿನ ರಂಗನಾಥನ ದೇವಾಲಯ ನಾಶವಾಗಿ ಆ ಜಾಗದಲ್ಲಿ ಈ ಕಟ್ಟಡ ಮಸೀದಿಯಾಗಿ ಎದ್ದಿತೆಂದೂ, ಪಾಳೇಗಾರ ಸೇಡು ತೀರಿಸಿಕೊಂಡ ಮೇಲೆ ಅದು ಪ್ರಾರ್ಥನೆಗೆ ಬಳಕೆಯಾಗದೆ ಉಳಿಯಿತೆಂದೂ ಗೆಜೆಟಿಯರ್ ಕಾಲದಿಂದ ಬರೆದು ಬಂದಿದೆ. ಆ ನೆನಪನ್ನು ಅಳಿಸಬೇಕೆಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಊರಿನ ಜನ ಆ ಕಟ್ಟಡಕ್ಕೆ ಇಟ್ಟುಕೊಂಡ ಹೆಸರನ್ನು ಗಮನಿಸಿ. ಮುಸಾಫಿರ್‌ಖಾನಾ ಎಂದರೆ ದಾರಿಹೋಕರ ತಂಗುದಾಣ. ಗುಡಿ, ಮಸೀದಿ ಎಂಬ ಎರಡೂ ಹೆಸರುಗಳನ್ನು ಬದಿಗಿಟ್ಟು ಬಿಸಿಲಿಗೆ ಬಂದವರು ಕೂರುವ ನೆರಳು ಎಂದು ಕರೆದವರ ವಿವೇಕ ದೊಡ್ಡದು. ಹೊಂಡ ಮತ್ತು ಅದರ ಪಕ್ಕದ ಈ ಕಟ್ಟಡ ಎರಡನ್ನೂ ಒಂದೇ ಮಳೆ ತೋಯಿಸುತ್ತದೆ, ಎರಡರ ಸುಣ್ಣವೂ ಒಂದೇ ಬಗೆಯಲ್ಲಿ ಸವೆಯುತ್ತದೆ. ಒಂದಕ್ಕೆ ಆರೈಕೆ, ಇನ್ನೊಂದಕ್ಕೆ ಉದಾಸೀನ ಎಂದು ಭೇದ ಮಾಡಿದರೆ ಆ ಕಾಲದ ಕುಶಲಿಗಳ ಪುಸ್ತಕದಲ್ಲಿ ಅರ್ಧ ಹಾಳೆಗಳನ್ನು ನಾವೇ ಹರಿದಂತೆ.

ಕೆಲಸ ಎಲ್ಲಿಂದ ಆರಂಭವಾಗಬೇಕು ಎಂದರೆ, ಬರೆದಿಡುವುದರಿಂದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸುಣ್ಣದ ಗಾರೆಯ ಇಟ್ಟಿಗೆ ಕಟ್ಟಡಗಳು ಎಷ್ಟಿವೆ, ಎಲ್ಲಿವೆ ಎಂಬ ಪಟ್ಟಿಯನ್ನು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳೇ ಒಂದು ವರ್ಷದ ಪ್ರಾಜೆಕ್ಟಿನಲ್ಲಿ ಮಾಡಬಹುದು: ಇಟ್ಟಿಗೆಯ ಅಳತೆ, ಗಾರೆಯ ದಪ್ಪ, ಮಾಡಿನ ಬಗೆ, ನಾಲ್ಕು ಫೋಟೊ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಗೋಡೆ ಯಾವುದರದು, ಯಾವ ಕಾಲದ್ದು ಎಂಬ ಒಂದು ಕಲಂ ಸೇರಿದರೂ ಸಾಕು, ಕೆಡವುವ ಮೊದಲು ಯಾರಾದರೂ ಒಮ್ಮೆ ನೋಡುವಂತಾಗುತ್ತದೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸುಣ್ಣದ ಗಾರೆಗೆ ನಿಜವಾದ ದರ, ನಿಜವಾದ ಅವಧಿ ಸಿಗಬೇಕು. ಇಲ್ಲದಿದ್ದರೆ ಎಂಜಿನಿಯರಿಗೆ ಮನಸ್ಸಿದ್ದರೂ ಬಿಲ್ಲು ಪಾಸಾಗದು. ಕಲಿಕೆಗೆ ಸಂತೇಬೆನ್ನೂರಿನ ಹೊಂಡದ ದಡಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ಪುರಾತತ್ವ ಇಲಾಖೆಯವರು ಅಲ್ಲಿ ಗಾರೆಯ ಕೆಲಸ ಹಿಡಿದಾಗಲೆಲ್ಲ ಹತ್ತು ಮಂದಿ ಸ್ಥಳೀಯ ಗಾರೆಯವರನ್ನು ಜೊತೆಗೆ ಸೇರಿಸಿಕೊಳ್ಳಲಿ, ಒಂದು ಗಾಣ ಅಲ್ಲೇ ತಿರುಗಲಿ. ಸುಣ್ಣಕ್ಕೆ ಉರಿಬಿಸಿಲು ಆಗದು, ಸುರಿಮಳೆಯೂ ಆಗದು. ಒದ್ದೆ ಗೋಣಿ ಹೊದಿಸಿ ಮೆಲ್ಲಗೆ ಗಟ್ಟಿಯಾಗಲು ಬಿಡಬೇಕು. ದೀಪಾವಳಿ ಕಳೆದು ಶಿವರಾತ್ರಿಯವರೆಗಿನ ತಂಪು ದಿನಗಳು ಅದಕ್ಕೆ ಹೇಳಿಮಾಡಿಸಿದಂಥವು. ಅರೆಯುವ ಸುಣ್ಣವನ್ನು ಅದಕ್ಕೂ ಮೊದಲೇ ಗುಂಡಿಯಲ್ಲಿ ನೆನೆಹಾಕಿರಬೇಕು.